ಬಿಪಿಸಿಎಲ್ ಯಾಕೆ ಮಾರಾಟ ಆಗ್ಲಿಲ್ಲ? ಮಾಹುಲ್ ರಿಫೈನರಿ, ಪಂಪಿನ ರೇಟು, ಬರದೇ ಹೋದ ಫಾರಿನ್ ದುಡ್ಡು

2022ರ ಮೇ 26ಕ್ಕೆ ಸರ್ಕಾರ ಒಂದು ಸಣ್ಣ ಪ್ರಕಟಣೆ ಕೊಡ್ತು, ತನ್ನ ತೈಲ ಕಂಪನಿ ಬಿಪಿಸಿಎಲ್ (ಭಾರತ್ ಪೆಟ್ರೋಲಿಯಂ) ಮಾರೋ ಪ್ರಕ್ರಿಯೆ ರದ್ದು, ತಗೊಳ್ತೀವಿ ಅಂತ ಬಂದಿದ್ದ ಆಸಕ್ತಿ ಪತ್ರಗಳೂ ರದ್ದು ಅಂತ. ಎರಡೂವರೆ ವರ್ಷ ಎಳೆದಾಡಿದ್ದು ಅಷ್ಟಕ್ಕೇ ಮುಗೀತು. ಅದಾದ್ಮೇಲೆ ಮುಂಬಯಿಯ ಚೆಂಬೂರು, ಮಾಟುಂಗಾ ಕಡೆ ನಮ್ ಕನ್ನಡದೋರು ಸೇರಿದಾಗ ಈ ವಿಷಯ ಬಂದ್ರೆ ಎರಡು ಗುಂಪು ಆಗುತ್ತೆ. ರಿಫೈನರಿಯಲ್ಲಿ ಕೆಲ್ಸ ಮಾಡಿ ರಿಟೈರ್ ಆದೋರು ‘ಯೂನಿಯನ್ ಬಿಡ್ಲಿಲ್ಲ, ಅದ್ಕೆ ನಿಂತಿತು’ ಅಂತಾರೆ, ಶೇರ್ ಮಾರ್ಕೆಟ್ ನೋಡೋ ಹುಡುಗರು ‘ಕೋವಿಡ್ ಬಂತು, ಯುಕ್ರೇನ್ ಯುದ್ಧ ಬಂತು, ಟೈಮಿಂಗ್ ಸರಿ ಇರ್ಲಿಲ್ಲ’ ಅಂತಾರೆ. ಎರಡೂ ಸುಳ್ಳಲ್ಲ. ಆದ್ರೆ ಪೇಪರ್‌ಗಳನ್ನ ತಾರೀಖಿನ ಪ್ರಕಾರ ಸಾಲಾಗಿ ಇಟ್ಟು ನೋಡಿದ್ರೆ ನನಗೆ ಕಾಣೋ ಕಾರಣ ಬೇರೆ: ಕಂಪನಿ ಮಾರೋಕೆ ಸರ್ಕಾರ ರೆಡಿ ಇತ್ತು, ಕಾನೂನು ಬದಲಾಯಿಸೋಕೂ ರೆಡಿ ಇತ್ತು, ಫಾರಿನ್‌ನೋರಿಗೆ 100 ಪರ್ಸೆಂಟ್ ಬಾಗಿಲು ತೆಗೆಯೋಕೂ ರೆಡಿ ಇತ್ತು, ಪಂಪಿನಲ್ಲಿ ಲೀಟರಿಗೆ ಎಷ್ಟು ಅನ್ನೋದನ್ನ ಬಿಟ್ಟುಕೊಡೋಕೆ ಮಾತ್ರ ರೆಡಿ ಇರ್ಲಿಲ್ಲ.

ಗೊತ್ತಿಲ್ಲದೋರಿಗೆ ಸ್ವಲ್ಪ ಹಿನ್ನೆಲೆ. ಚೆಂಬೂರಿಂದ ಮುಂದೆ ಆರ್‌ಸಿಎಫ್ ಗೊಬ್ಬರದ ಫ್ಯಾಕ್ಟರಿ ದಾಟಿ ಹೋದ್ರೆ ಮಾಹುಲ್. ಅಲ್ಲಿ 1955ರಲ್ಲಿ ಶುರುವಾದ ರಿಫೈನರಿ ಮೂಲದಲ್ಲಿ ಫಾರಿನ್‌ನೋರದ್ದೇ, ಬರ್ಮಾ ಶೆಲ್‌ನೋರದ್ದು. ಪಕ್ಕದಲ್ಲೇ ಎಸ್ಸೋ ರಿಫೈನರಿ ಇತ್ತು, ಅದು 1974ರಲ್ಲಿ ಸರ್ಕಾರದ ಕೈಗೆ ಬಂದು ಎಚ್‌ಪಿಸಿಎಲ್ (ಹಿಂದೂಸ್ತಾನ್ ಪೆಟ್ರೋಲಿಯಂ) ಆಯ್ತು. ಬರ್ಮಾ ಶೆಲ್‌ನ 1976ರ ಜನವರಿ 24ಕ್ಕೆ ತಗೊಂಡ್ರು, ಮೊದಲು ಭಾರತ್ ರಿಫೈನರೀಸ್ ಅಂತ ಹೆಸರಿಟ್ರು, 1977ರಲ್ಲಿ ಭಾರತ್ ಪೆಟ್ರೋಲಿಯಂ ಅಂತ ಮಾಡಿದ್ರು. ಹಳಬರು ಈಗ್ಲೂ ಆ ಗೇಟಿಗೆ ‘ಬರ್ಮಾ ಶೆಲ್ ಗೇಟ್’ ಅಂತಾನೇ ಅಂತಾರೆ. ಹೆಡ್ ಆಫೀಸ್ ಬಲ್ಲಾರ್ಡ್ ಎಸ್ಟೇಟ್‌ನಲ್ಲಿ. ಮಾಹುಲ್ ಜೊತೆಗೆ ಕೊಚ್ಚಿ, ಮಧ್ಯಪ್ರದೇಶದ ಬೀನಾ, ಮೂರೂ ಸೇರಿ ವರ್ಷಕ್ಕೆ 35 ಮಿಲಿಯನ್ ಟನ್ ಮೇಲೆ ಕಚ್ಚಾ ತೈಲ ಸಂಸ್ಕರಿಸೋ ತಾಕತ್ತು. ಮಾರಾಟಕ್ಕಿಟ್ಟಿದ್ದ ಕಾಲಕ್ಕೆ ಪಂಪುಗಳು ಸುಮಾರು 20 ಸಾವಿರ. ಅಂದ್ರೆ ನಷ್ಟದಲ್ಲಿ ಬಿದ್ದಿದ್ದ ಏರ್ ಇಂಡಿಯಾ ಥರ ಅಲ್ಲ, ಚೆನ್ನಾಗಿ ಓಡ್ತಿದ್ದ ಕಂಪನಿ.

ಮಾರೋ ಯೋಚನೆ ಹೊಸದೇನಲ್ಲ. ವಾಜಪೇಯಿ ಕಾಲದಲ್ಲೇ ಎಚ್‌ಪಿಸಿಎಲ್, ಬಿಪಿಸಿಎಲ್ ಎರಡನ್ನೂ ಮಾರೋಕೆ ಹೊರಟಿದ್ರು. 2003ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಡೀತು. ಪಾರ್ಲಿಮೆಂಟ್ ಕಾಯ್ದೆ ಮಾಡಿ ರಾಷ್ಟ್ರೀಕರಣ ಮಾಡಿದ ಕಂಪನಿ ಇದು, ಆ ಕಾಯ್ದೆಗೆ ತಿದ್ದುಪಡಿ ತರದೆ ಬರೀ ಕ್ಯಾಬಿನೆಟ್ ತೀರ್ಮಾನದ ಮೇಲೆ ಮಾರೋಹಾಗಿಲ್ಲ ಅಂತ ಕೋರ್ಟ್ ಹೇಳ್ತು. ಆಮೇಲೆ ಹದಿಮೂರು ವರ್ಷ ಅದರ ಸುದ್ದಿ ಇಲ್ಲ. 2016ರಲ್ಲಿ ಹಳೇ ಬೇಡದ ಕಾಯ್ದೆಗಳನ್ನ ಒಟ್ಟಿಗೆ ರದ್ದು ಮಾಡಿದ್ರಲ್ಲ, ಆ ಲಿಸ್ಟಲ್ಲಿ ಬರ್ಮಾ ಶೆಲ್ ರಾಷ್ಟ್ರೀಕರಣದ ಕಾಯ್ದೆಯೂ ಸದ್ದಿಲ್ಲದೆ ಹೋಯ್ತು. ಯಾರೂ ಗಮನಿಸ್ಲಿಲ್ಲ. ಮೂರು ವರ್ಷ ಬಿಟ್ಟು 2019ರ ನವೆಂಬರ್ 20ಕ್ಕೆ ಕ್ಯಾಬಿನೆಟ್ ಸರ್ಕಾರದ 53.29 ಪರ್ಸೆಂಟ್ ಪಾಲು ಮ್ಯಾನೇಜ್‌ಮೆಂಟ್ ಸಮೇತ ಮಾರೋದಕ್ಕೆ ಒಪ್ಪಿಗೆ ಕೊಟ್ಟಾಗ ಆ ಕಾಯ್ದೆ ಯಾಕೆ ಹೋಯ್ತು ಅಂತ ಎಲ್ಲರಿಗೂ ಅರ್ಥ ಆಯ್ತು.

ಅವತ್ತಿನ ಶೇರ್ ರೇಟಿನಲ್ಲಿ ಆ ಪಾಲಿಗೆ ಸುಮಾರು 60 ಸಾವಿರ ಕೋಟಿ. ತಗೊಳ್ಳೋನು ಅಷ್ಟೇ ಕೊಟ್ರೆ ಮುಗಿಯಲ್ಲ, ಶೇರ್ ಮಾರ್ಕೆಟ್ ಕಾಯೋ ಸೆಬಿಯ ರೂಲ್ ಪ್ರಕಾರ ಇನ್ನೂ 26 ಪರ್ಸೆಂಟಿಗೆ ಪಬ್ಲಿಕ್‌ಗೆ ಓಪನ್ ಆಫರ್ ಕೊಡ್ಬೇಕು, ಅಂದ್ರೆ ಜನರ ಹತ್ರ ಇರೋ ಶೇರನ್ನೂ ತಗೊಳ್ತೀನಿ ಅನ್ಬೇಕು, ಅದೊಂದು 30 ಸಾವಿರ ಕೋಟಿ ಆಸುಪಾಸು. ಬಿಡ್ ಹಾಕೋಕೆ ಕನಿಷ್ಠ 10 ಬಿಲಿಯನ್ ಡಾಲರ್ ನೆಟ್‌ವರ್ತ್ ಇರ್ಬೇಕು ಅಂತ ಷರತ್ತು. ಕೇಂದ್ರದ ಸರ್ಕಾರಿ ಕಂಪನಿಗಳು ಬಿಡ್ ಹಾಕೋಹಾಗಿಲ್ಲ ಅಂತ ಇನ್ನೊಂದು ಷರತ್ತು. ಇದಕ್ಕೆ ಕಾರಣ ಇತ್ತು, 2018ರ ಜನವರಿಯಲ್ಲಿ ಎಚ್‌ಪಿಸಿಎಲ್‌ನ ಸರ್ಕಾರದ ಪಾಲನ್ನ ಇನ್ನೊಂದು ಸರ್ಕಾರಿ ತೈಲ ಕಂಪನಿ ಓಎನ್‌ಜಿಸಿಗೆ 36,915 ಕೋಟಿಗೆ ‘ಮಾರಿದ್ರು’. ಬಲಗೈಯಿಂದ ಎಡಗೈಗೆ ಕೊಟ್ಟು ಡಿಸ್‌ಇನ್ವೆಸ್ಟ್‌ಮೆಂಟ್ (ಸರ್ಕಾರಿ ಪಾಲು ಮಾರಾಟ) ಟಾರ್ಗೆಟ್ ಮುಟ್ಟಿದ್ದಾಗಿತ್ತು, ಈ ಸಲ ಹಾಗಾಗಬಾರದು, ನಿಜವಾಗ್ಲೂ ಹೊರಗಿನ ದುಡ್ಡು ಬರ್ಬೇಕು ಅಂತ.

ಇಲ್ಲೊಂದು ತಮಾಷೆ ಇದೆ ನೋಡಿ. ನಮ್ ಸರ್ಕಾರಿ ಕಂಪನಿ ಬೇಡ ಅಂದ್ರು, ಆದ್ರೆ ಬರ್ಬಹುದು ಅಂತ ಪೇಪರಿನೋರು ಬರೀತಿದ್ದ ಹೆಸರುಗಳಲ್ಲಿ ಮುಖ್ಯವಾದವು ಯಾವ್ದು? ಸೌದಿಯ ಆರಾಮ್ಕೊ, ರಷ್ಯಾದ ರೋಸ್ನೆಫ್ಟ್. ಅವೂ ಸರ್ಕಾರಿ ಕಂಪನಿಗಳೇ, ಬೇರೆ ದೇಶದ ಸರ್ಕಾರದ್ದು ಅಷ್ಟೆ. ಎಣ್ಣೆ ಬಿಸಿನೆಸ್ಸಿನಲ್ಲಿ ‘ಫಾರಿನ್ ಇನ್ವೆಸ್ಟರ್’ ಅಂದ್ರೆ ಎಷ್ಟೋ ಸಲ ಇನ್ನೊಂದು ದೇಶದ ಸರ್ಕಾರ ಅಂತಾನೇ ಅರ್ಥ. ರತ್ನಾಗಿರಿಯ ನಾಣಾರ್ ಪ್ರಾಜೆಕ್ಟಿನಲ್ಲೂ ಅದೇ, ಒಂದು ಕಡೆ ಇಂಡಿಯನ್ ಆಯಿಲ್, ಬಿಪಿಸಿಎಲ್, ಎಚ್‌ಪಿಸಿಎಲ್, ಇನ್ನೊಂದು ಕಡೆ ಆರಾಮ್ಕೊ ಮತ್ತೆ ಅಬುಧಾಬಿಯ ಅಡ್ನಾಕ್, ಐದೂ ಸರ್ಕಾರಿ. 60 ಮಿಲಿಯನ್ ಟನ್ನಿನ ರಿಫೈನರಿ ಅಂತ ಘೋಷಣೆ ಆಯ್ತು, ಜಾಗದ ಗಲಾಟೆಯಲ್ಲಿ ಅಲ್ಲೇ ನಿಂತಿತು.

ಇರ್ಲಿ. 2020ರ ಮಾರ್ಚ್ 7ಕ್ಕೆ ಆಸಕ್ತಿ ಇದ್ದೋರು ಬನ್ನಿ ಅಂತ ಕರೆದ್ರು. ಎರಡೂವರೆ ವಾರಕ್ಕೆ ಲಾಕ್‌ಡೌನ್. ಏಪ್ರಿಲ್ 20ಕ್ಕೆ ಅಮೆರಿಕದಲ್ಲಿ ಕಚ್ಚಾ ತೈಲದ ಫ್ಯೂಚರ್ಸ್ ರೇಟು ಸೊನ್ನೆಗಿಂತ ಕೆಳಗೆ ಹೋಯ್ತು, ಅಂದ್ರೆ ಎಣ್ಣೆ ತಗೊಂಡು ಹೋಗೋಕೆ ಇವರೇ ದುಡ್ಡು ಕೊಡೋ ಪರಿಸ್ಥಿತಿ. ಡೆಡ್‌ಲೈನ್ ಮೇ, ಜೂನ್, ಜುಲೈ, ಸೆಪ್ಟೆಂಬರ್ ಅಂತ ಮುಂದೆ ಹೋಗ್ತಾ ಹೋಗ್ತಾ ನವೆಂಬರ್ 16ಕ್ಕೆ ನಿಂತಿತು. ಕೊನೆಗೆ ಬಂದಿದ್ದು ಮೂರು: ಅನಿಲ್ ಅಗರ್ವಾಲ್ ಅವರ ವೇದಾಂತ, ಅಮೆರಿಕದ ಅಪೊಲೊ ಗ್ಲೋಬಲ್ ಫಂಡು, ಐ ಸ್ಕ್ವೇರ್ಡ್ ಕ್ಯಾಪಿಟಲ್‌ನ ಥಿಂಕ್ ಗ್ಯಾಸ್. ಆರಾಮ್ಕೊ ಬರ್ಲಿಲ್ಲ, ರೋಸ್ನೆಫ್ಟ್ ಬರ್ಲಿಲ್ಲ, ಬಿಪಿ, ಎಕ್ಸಾನ್, ಟೋಟಲ್ ಯಾರೂ ಬರ್ಲಿಲ್ಲ. ಪೆಟ್ರೋಲ್ ಬಂಕ್ ನಡೆಸಿ ಗೊತ್ತಿರೋ ಒಂದೇ ಒಂದು ಫಾರಿನ್ ಕಂಪನಿ ಕೂಡ ಇಲ್ಲ.

ಕೋವಿಡ್ ಕಾರಣ ಅಂತೀರಾ? ಹಾಗಾದ್ರೆ ಅದೇ ಟೈಮಿನಲ್ಲಿ ಬಿಪಿ ಏನು ಮಾಡ್ತಿತ್ತು ನೋಡಿ. 2020ರ ಜುಲೈನಲ್ಲಿ ರಿಲಯನ್ಸ್‌ನ ಪಂಪ್ ಬಿಸಿನೆಸ್ಸಿನಲ್ಲಿ 49 ಪರ್ಸೆಂಟ್ ಪಾಲಿಗೆ ಏಳು ಸಾವಿರ ಕೋಟಿ ಹಾಕಿ ಜಿಯೋ-ಬಿಪಿ ಶುರು ಮಾಡ್ತು. ರೋಸ್ನೆಫ್ಟ್ ಅಂತೂ ಅದಕ್ಕಿಂತ ಮೊದ್ಲೇ, 2017ರಲ್ಲಿ, ಪಾರ್ಟ್‌ನರ್‌ಗಳ ಜೊತೆ ಸೇರಿ ಗುಜರಾತಿನ ವಾಡಿನಾರ್ ರಿಫೈನರಿ ಇರೋ ಎಸ್ಸಾರ್ ಆಯಿಲ್‌ನ 12.9 ಬಿಲಿಯನ್ ಡಾಲರ್ ಡೀಲಿನಲ್ಲಿ ತಗೊಂಡಿತ್ತು, ಅದೇ ಈಗಿನ ನಯಾರಾ. ಅಂದ್ರೆ ಇಂಡಿಯಾದ ಪೆಟ್ರೋಲಿಗೆ ಫಾರಿನ್ ದುಡ್ಡು ಬರ್ತಾನೇ ಇತ್ತು, ಪ್ರೈವೇಟ್ ಬಾಗಿಲಿಂದ ಬರ್ತಿತ್ತು. ಹಾಗಂತ ಪ್ರೈವೇಟ್ ಆದ್ರೆ ಎಲ್ಲ ಸಲೀಸು ಅಂತಲ್ಲ, ರಿಲಯನ್ಸ್ ಜೊತೆ ಆರಾಮ್ಕೊ ಮಾತಾಡಿದ್ದ 15 ಬಿಲಿಯನ್ ಡಾಲರ್ ಡೀಲ್ 2021ರಲ್ಲಿ ಮುರಿದು ಬಿತ್ತು.

ಸರ್ಕಾರದ ಕಡೆಯಿಂದ ಪ್ರಯತ್ನ ಕಮ್ಮಿ ಆಗ್ಲಿಲ್ಲ, ಅದನ್ನ ಒಪ್ಪಲೇಬೇಕು. ಅಸ್ಸಾಮಿನ ನುಮಾಲಿಗಢ ರಿಫೈನರಿ ಮಾರಿದ್ರೆ ಅಲ್ಲಿ ಗಲಾಟೆ ಆಗುತ್ತೆ ಅಂತ ಅದನ್ನ ಬೇರೆ ಮಾಡಿ 2021ರ ಮಾರ್ಚಿನಲ್ಲಿ ಆಯಿಲ್ ಇಂಡಿಯಾ, ಇಂಜಿನಿಯರ್ಸ್ ಇಂಡಿಯಾ, ಅಸ್ಸಾಂ ಸರ್ಕಾರಕ್ಕೆ 9,876 ಕೋಟಿಗೆ ಕೊಟ್ರು. ಬೀನಾದಲ್ಲಿ ಪಾರ್ಟ್‌ನರ್ ಆಗಿದ್ದ ಒಮಾನ್‌ನೋರ ಪಾಲನ್ನ ಬಿಪಿಸಿಎಲ್ಲೇ ಸುಮಾರು 2,400 ಕೋಟಿ ಕೊಟ್ಟು ವಾಪಸ್ ತಗೊಂಡ್ತು, ಮಾರೋಕೆ ಮುಂಚೆ ಎಲ್ಲ ಕ್ಲೀನ್ ಇರ್ಲಿ ಅಂತ. ಫಾರಿನ್ ದುಡ್ಡು ತರೋ ದಾರಿಯಲ್ಲಿ ಮೊದಲು ಇದ್ದ ಫಾರಿನ್ ಪಾರ್ಟ್‌ನರ್‌ನೇ ಕಳಿಸಿಕೊಟ್ಟಂಗಾಯ್ತು. ಆಮೇಲೆ ಎಫ್‌ಡಿಐ (ವಿದೇಶಿ ನೇರ ಹೂಡಿಕೆ) ರೂಲು. ಸರ್ಕಾರಿ ರಿಫೈನರಿಯಲ್ಲಿ ಫಾರಿನ್ ಪಾಲು 49 ಪರ್ಸೆಂಟ್ ಮೀರೋಹಾಗಿರ್ಲಿಲ್ಲ, 53 ಪರ್ಸೆಂಟ್ ಮಾರೋದು ಹೇಗೆ? 2021ರ ಜುಲೈನಲ್ಲಿ ಅದನ್ನೂ ಬದಲಾಯಿಸಿದ್ರು, ಮಾರೋಕೆ ತಾತ್ವಿಕ ಒಪ್ಪಿಗೆ ಸಿಕ್ಕಿರೋ ತೈಲ ಕಂಪನಿಗಳಲ್ಲಿ 100 ಪರ್ಸೆಂಟ್ ಆಟೋಮ್ಯಾಟಿಕ್ ರೂಟ್, ಅಂದ್ರೆ ಸರ್ಕಾರದ ಮುಂಗಡ ಪರ್ಮಿಶನ್ ಬೇಡ.

ಅದೇ ಜುಲೈನಲ್ಲಿ ಪ್ಯಾರಿಸ್‌ನಿಂದ ಇನ್ನೊಂದು ಸುದ್ದಿ ಬಂತು. ಕೇರ್ನ್ ಅನ್ನೋ ಬ್ರಿಟಿಷ್ ಕಂಪನಿ ಮೇಲೆ ಹಿಂದಿನ ವರ್ಷಗಳಿಗೆ ಅನ್ವಯ ಆಗೋಹಾಗೆ ಟ್ಯಾಕ್ಸ್ ಹಾಕಿದ್ದ ಕೇಸಿನಲ್ಲಿ, 2020ರ ಡಿಸೆಂಬರಿನಲ್ಲಿ ಅಂತಾರಾಷ್ಟ್ರೀಯ ಪಂಚಾಯ್ತಿ 1.2 ಬಿಲಿಯನ್ ಡಾಲರ್ ಕೊಡಿ ಅಂದಿತ್ತಲ್ಲ, ಅದರ ವಸೂಲಿಗೆ ಅಲ್ಲಿರೋ ಇಂಡಿಯಾ ಸರ್ಕಾರದ ಆಸ್ತಿ ಮುಟ್ಟುಗೋಲು ಹಾಕ್ಕೊಳ್ಳೋಕೆ ಫ್ರೆಂಚ್ ಕೋರ್ಟ್ ಪರ್ಮಿಶನ್ ಕೊಟ್ಟಿತ್ತು. ಆಗಸ್ಟಿನಲ್ಲಿ ಸರ್ಕಾರ ಆ ಟ್ಯಾಕ್ಸ್ ವಾಪಸ್ ತಗೊಂಡ್ತು, ಒಳ್ಳೇದೇ ಮಾಡ್ತು. ಆದ್ರೆ ಒಂದು ಕಡೆ ಬನ್ನಿ ಬನ್ನಿ ಅಂತ ಬಾಗಿಲು ತೆಗೆದ ತಿಂಗಳಲ್ಲೇ ಮೊದಲು ಬಂದು ಹೋದೋನು ಕೋರ್ಟಿನಲ್ಲಿ ಆಸ್ತಿ ಜಪ್ತಿ ಮಾಡಿಸ್ತಿದ್ದಾನೆ ಅಂದ್ರೆ ಹೊಸಬನ ವಕೀಲರು ಅದನ್ನ ಓದದೆ ಇರ್ತಾರಾ.

ಈಗ ರೇಟಿನ ಕತೆ

ಪೇಪರಿನ ಮೇಲೆ ಪೆಟ್ರೋಲ್ ರೇಟು 2010ರ ಜೂನಿನಿಂದ, ಡೀಸೆಲ್ ರೇಟು 2014ರ ಅಕ್ಟೋಬರಿನಿಂದ ಫ್ರೀ. ಕಂಪನಿಗಳು ತಾವೇ ನಿರ್ಧರಿಸ್ತವೆ. 2017ರ ಜೂನ್ 16ರಿಂದ ದಿನಾ ಬೆಳಿಗ್ಗೆ ರೇಟು ಬದಲಾಗ್ತಿತ್ತು. ಆದ್ರೆ 2018ರಲ್ಲಿ ನಮ್ ಕರ್ನಾಟಕದ ಎಲೆಕ್ಷನ್ ಬಂತು ನೋಡಿ, ಮೇ 12ಕ್ಕೆ ವೋಟಿಂಗು, ಏಪ್ರಿಲ್ ಕೊನೇ ವಾರದಿಂದ ಮೂರು ವಾರದ ಹತ್ರ ದೇಶ ಪೂರ್ತಿ ಒಂದು ಪೈಸೆ ಅಲ್ಲಾಡ್ಲಿಲ್ಲ, ವೋಟಿಂಗ್ ಮುಗಿದ ಮೇಲೆ ಮತ್ತೆ ಏರೋಕೆ ಶುರು. ಸರ್ಕಾರ ಹೇಳಿತ್ತು ಅಂತ ಯಾರೂ ಒಪ್ಪಲಿಲ್ಲ, ಒಪ್ಪೋ ಅಗತ್ಯಾನೂ ಇಲ್ಲ.

ಅದೇ ವರ್ಷ ಅಕ್ಟೋಬರ್ 4. ಎಣ್ಣೆ ದುಬಾರಿ ಆಗಿತ್ತು, ಅರುಣ್ ಜೇಟ್ಲಿ ಲೀಟರಿಗೆ ಎರಡೂವರೆ ರೂಪಾಯಿ ಇಳಿಸ್ತೀವಿ ಅಂದ್ರು, ಅದ್ರಲ್ಲಿ ಒಂದೂವರೆ ಅಬಕಾರಿ ಸುಂಕದ್ದು, ಉಳಿದ ಒಂದು ರೂಪಾಯಿ ತೈಲ ಕಂಪನಿಗಳು ಹೊರಬೇಕು. ಒಂದೇ ಒಂದು ರೂಪಾಯಿ. ಮರುದಿನ ದಲಾಲ್ ಸ್ಟ್ರೀಟಿನಲ್ಲಿ ಬಿಪಿಸಿಎಲ್ ಶೇರ್ ಸುಮಾರು ಐದನೇ ಒಂದು ಪಾಲು ಉದುರ್ತು, ಎಚ್‌ಪಿಸಿಎಲ್ ಇನ್ನೂ ಜಾಸ್ತಿ. ಜನ ಹೆದರಿದ್ದು ಆ ರೂಪಾಯಿಗಲ್ಲ. ಇಷ್ಟು ವರ್ಷ ಫ್ರೀ ಫ್ರೀ ಅಂತ ಹೇಳಿ ಒಂದು ಪ್ರೆಸ್‌ಮೀಟಿನಲ್ಲಿ ಕೈ ಹಾಕಬಹುದು ಅಂದ್ರೆ ನಾಳೆ ಐದು ರೂಪಾಯಿಗೂ ಹಾಕಬಹುದು, ಅದಕ್ಕೆ. ಇದಾಗಿ ಹದಿಮೂರು ತಿಂಗಳಿಗೆ ಅದೇ ಕಂಪನಿಯನ್ನ ಮಾರಾಟಕ್ಕಿಟ್ರು.

ಇನ್ನು 2021–22. ನವೆಂಬರ್ ಮೊದಲ ವಾರ ರೇಟು ನಿಂತಿದ್ದು ಮಾರ್ಚ್ 22ರವರೆಗೆ ಕದಲ್ಲಿಲ್ಲ, ನಡುವೆ ಉತ್ತರ ಪ್ರದೇಶ, ಪಂಜಾಬ್, ಗೋವಾ ಎಲ್ಲ ಎಲೆಕ್ಷನ್ ಮುಗೀತು, ನಡುವೆಯೇ ಯುದ್ಧ ಶುರುವಾಗಿ ಕಚ್ಚಾ ತೈಲ ನೂರು ಡಾಲರ್ ದಾಟಿ ಹೋಯ್ತು. ಆ ಮಾರ್ಚಿನಲ್ಲಿ ಮುಂಬಯಿಯಲ್ಲಿ ನಡೆದಿದ್ದನ್ನ ನೋಡಿದ್ರೆ ಪೂರ್ತಿ ಕತೆ ಅರ್ಥ ಆಗುತ್ತೆ. ಬಸ್ ಡಿಪೋ, ಮಾಲ್‌ಗಳಿಗೆ ಟ್ಯಾಂಕರಿನಲ್ಲಿ ಹೋಗೋ ಬಲ್ಕ್ ಡೀಸೆಲ್‌ಗೆ ರಾಜಕೀಯ ಇಲ್ಲ, ಅದು ಅಂತಾರಾಷ್ಟ್ರೀಯ ರೇಟಿಗೆ ತಕ್ಕಂತೆ ಲೀಟರಿಗೆ 122.05 ರೂಪಾಯಿ ಆಯ್ತು. ಅದೇ ಡೀಸೆಲ್, ಅದೇ ಊರು, ಪಂಪಿನಲ್ಲಿ 94.14. ಲೀಟರಿಗೆ ಹತ್ರಹತ್ರ 28 ರೂಪಾಯಿ ವ್ಯತ್ಯಾಸ! ಬಲ್ಕ್ ತಗೊಳ್ತಿದ್ದೋರೆಲ್ಲ ಪಂಪಿನ ಕ್ಯೂಗೆ ಬಂದು ನಿಂತ್ರು, ಪಂಪಿನ ಸೇಲ್ ಏರ್ತು, ಸೇಲ್ ಏರಿದಷ್ಟೂ ಕಂಪನಿಗೆ ನಷ್ಟ ಏರ್ತು.

ನವಿ ಮುಂಬಯಿ ಕಡೆ ಪ್ರೈವೇಟ್ ಕಂಪನಿಯೊಂದರ ಪಂಪು ನಡೆಸೋ ಕುಂದಾಪುರದೋರೊಬ್ರು ಗೊತ್ತು ನನಗೆ. ಅವರ ಕಂಪನಿಗೆ ಸರ್ಕಾರದ ಬೆನ್ನಿಲ್ಲ, ನಷ್ಟದಲ್ಲಿ ಎಷ್ಟು ದಿನ ಕೊಡುತ್ತೆ, ರೇಟು ಜಾಸ್ತಿ ಇಟ್ಟಿತು, ಸಪ್ಲೈ ಕಮ್ಮಿ ಮಾಡ್ತು. ಎದುರಿನ ಸರ್ಕಾರಿ ಪಂಪಿನಲ್ಲಿ ಲಾರಿ ಸಾಲು ರೋಡಿಗೆ ಬಂದು ನಿಂತಿದೆ, ಇವರ ಹುಡುಗರು ನಾಝಲ್ ಹಿಡ್ಕೊಂಡು ಮೊಬೈಲ್ ನೋಡ್ತಾ ಕೂತಿದ್ದಾರೆ. ‘ಎಂತ ಮಾಡೂದು ಮಾರಾಯ್ರೆ, ರೇಟ್ ಬರುದು ಡೆಲ್ಲಿಂದ, ಕರೆಂಟ್ ಬಿಲ್ ಬರುದು ನಮ್ಗೆ’ ಅಂದ್ರು. ಇದು ಹೊಸ ಕಾಯಿಲೆಯೂ ಅಲ್ಲ. 2008ರಲ್ಲಿ ಎಣ್ಣೆ ಏರಿದಾಗ ಸರ್ಕಾರಿ ಕಂಪನಿಗಳಿಗೆ ಮಾತ್ರ ಪರಿಹಾರ ಸಿಕ್ತು, ರಿಲಯನ್ಸ್ ತನ್ನ 1,400ಕ್ಕೂ ಹೆಚ್ಚು ಪಂಪುಗಳಿಗೆ ಬೀಗ ಹಾಕ್ಬೇಕಾಯ್ತು. ರಿಲಯನ್ಸ್‌ಗೇ ಹಾಗಾದ್ರೆ ಅಮೆರಿಕದ ಹೂಸ್ಟನ್ನಿಂದ ಬರೋನ ಗತಿ ಏನು.

ಬಿಪಿಸಿಎಲ್ ತಗೊಳ್ಳೋಕೆ ಬರೋನು ಮಾಡೋ ಲೆಕ್ಕ ಇದೇ. ದೇಶದ ಪಂಪುಗಳಲ್ಲಿ ಹತ್ತರಲ್ಲಿ ಒಂಬತ್ತು, ಇಂಡಿಯನ್ ಆಯಿಲ್, ಬಿಪಿಸಿಎಲ್, ಎಚ್‌ಪಿಸಿಎಲ್ ಈ ಮೂರು ಸರ್ಕಾರಿ ಕಂಪನಿಗಳದ್ದು. ಒಂದನ್ನ ನಾನು ತಗೊಂಡೆ ಅನ್ನಿ, ಇನ್ನೆರಡು ಸರ್ಕಾರದ ಹತ್ರಾನೇ ಇದ್ದಾವೆ, ಅವರ ಪಂಪು ಅರ್ಧಕ್ಕಿಂತ ಜಾಸ್ತಿ. ಎಲೆಕ್ಷನ್ ಬಂದಾಗ ಅವರು ರೇಟು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ಬೇಕು, ಇಲ್ಲ ಅಂದ್ರೆ ಗಿರಾಕಿ ಎದುರಿಗೆ ಹೋಗ್ತಾನೆ. ನಷ್ಟ ಆದ್ರೆ ಅವರಿಗೆ ಸರ್ಕಾರ ಕೊಡಬಹುದು, ನನಗೆ ಯಾರು ಕೊಡ್ತಾರೆ? ಮನೆ ನಿಮಗೇ ಮಾರ್ತೀನಿ, ಬಾಡಿಗೆ ಎಷ್ಟು ತಗೊಳ್ಬೇಕು ಅಂತ ಮಾತ್ರ ನಾನೇ ಹೇಳ್ತೀನಿ ಅಂದ್ರೆ ಯಾರು ತಗೊಳ್ತಾರೆ ಹೇಳಿ. ಇದಕ್ಕೆ 49 ಆದ್ರೇನು, 100 ಆದ್ರೇನು. ಶೇರ್ ಮಾರ್ಕೆಟಿನಲ್ಲಿ ಬಿಪಿಸಿಎಲ್ ಶೇರ್ ಇಟ್ಕೊಂಡಿರೋ ಫಾರಿನ್ ಫಂಡುಗಳಿಗೆ ಈ ತಲೆನೋವಿಲ್ಲ, ಡಿವಿಡೆಂಡ್ ತಗೊಂಡು ಸರಿ ಬರ್ಲಿಲ್ಲ ಅಂದ್ರೆ ಬೆಳಿಗ್ಗೆ ಮಾರಿ ಮಧ್ಯಾಹ್ನ ಹೊರಗೆ ಹೋಗ್ತವೆ. ಮಾಹುಲ್‌ನಲ್ಲಿ ಕ್ರ್ಯಾಕರ್ (ಎಣ್ಣೆ ಒಡೆಯೋ ಘಟಕ) ತಗೊಂಡೋನು ಅದನ್ನ ಹೊತ್ತುಕೊಂಡು ಹೋಗೋಕಾಗಲ್ಲ.

ಟೆಲಿಕಾಂನಲ್ಲಿ 2002ಕ್ಕೆ ಇದೇ ಮುಂಬಯಿಯ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಟಾಟಾಗೆ ಮಾರಾಟ ಆಗುವಾಗ ಕನಿಷ್ಠ ಟ್ರಾಯ್ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ಅಂತ ಒಬ್ಬ ರೆಫರಿ ಇದ್ದ. ಪೆಟ್ರೋಲಿಯಂಗೂ 2006ರ ಕಾಯ್ದೆಯಲ್ಲಿ ಒಂದು ಬೋರ್ಡ್ ಇದೆ, ಆದ್ರೆ ಪಂಪಿನ ಪೆಟ್ರೋಲ್ ಡೀಸೆಲ್ ರೇಟು ನಿರ್ಧರಿಸೋ ಅಧಿಕಾರ ಅದಕ್ಕಿಲ್ಲ. ಎಫ್‌ಡಿಐ ಮಿತಿ ಏರಿಸೋಕೆ ಹಾಕಿದ ಶ್ರಮದಲ್ಲಿ ಅರ್ಧ ಇದಕ್ಕೆ ಹಾಕಿದ್ರೂ ಬಿಡ್ಡರ್‌ಗಳ ಪಟ್ಟಿ ಬೇರೆ ಇರ್ತಿತ್ತು ಅಂತ ನನ್ನ ಅನಿಸಿಕೆ.

ಇದು ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. ಬ್ರೆಜಿಲ್‌ನಲ್ಲಿ 2021ರ ಫೆಬ್ರವರಿಯಲ್ಲಿ ಡೀಸೆಲ್ ರೇಟು ಏರಿಸಿದ್ರು ಅಂತ ಅಧ್ಯಕ್ಷ ಬೊಲ್ಸನಾರೊ, ಸರ್ಕಾರಿ ಕಂಪನಿ ಪೆಟ್ರೊಬ್ರಾಸ್‌ನ ಮುಖ್ಯಸ್ಥ ಕಾಸ್ಟೆಲ್ಲೊ ಬ್ರಾಂಕೊ ಅವರನ್ನ ತೆಗೆಯೋಕೆ ಹೊರಟ್ರು, ಶೇರು ಒಂದೇ ದಿನ 20 ಪರ್ಸೆಂಟ್ ಮೇಲೆ ಬಿತ್ತು. ಅವರೂ ಆಗ ರಿಫೈನರಿಗಳನ್ನ ಮಾರಾಟಕ್ಕೆ ಇಟ್ಟಿದ್ರು. ಬಾಹಿಯಾದ ರಿಫೈನರಿ ಮಾರಾಟ ಆಯ್ತು, 1.65 ಬಿಲಿಯನ್ ಡಾಲರಿಗೆ. ತಗೊಂಡಿದ್ದು ಯಾರು? ಅಬುಧಾಬಿಯ ಮುಬಾದಲ, ಅದೂ ಸರ್ಕಾರದ ಫಂಡೇ.

ಮೇ 2022

ಅಪೊಲೊ, ಐ ಸ್ಕ್ವೇರ್ಡ್ ಎರಡೂ ಜಾರಿಕೊಂಡ್ವು, ಉಳಿದಿದ್ದು ವೇದಾಂತ ಒಂದೇ. ಒಬ್ಬನೇ ಬಿಡ್ಡರ್‌ಗೆ ಇಷ್ಟು ದೊಡ್ಡ ಕಂಪನಿ ಕೊಟ್ರೆ ನಾಳೆ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಂಸ್ಥೆ), ಕೋರ್ಟು, ಪಾರ್ಲಿಮೆಂಟು ಎಲ್ಲ ಕಡೆ ಉತ್ತರ ಹೇಳ್ಬೇಕು, ಯಾವ ಅಧಿಕಾರಿ ಸಹಿ ಹಾಕ್ತಾನೆ. ಜಾಗತಿಕ ಇಂಧನ ಮಾರುಕಟ್ಟೆಯ ಪರಿಸ್ಥಿತಿಯಿಂದಾಗಿ ಹೆಚ್ಚಿನ ಬಿಡ್ಡರ್‌ಗಳು ಮುಂದುವರಿಯೋಕಾಗಲ್ಲ ಅಂದಿದ್ದಾರೆ ಅನ್ನೋದು ಸರ್ಕಾರ ಕೊಟ್ಟ ಕಾರಣ. ಅದಕ್ಕೆ ಐದು ದಿನ ಮುಂಚೆ, ಮೇ 21ಕ್ಕೆ, ಸರ್ಕಾರ ಪೆಟ್ರೋಲಿನ ಅಬಕಾರಿ ಸುಂಕ 8 ರೂಪಾಯಿ, ಡೀಸೆಲಿಂದು 6 ರೂಪಾಯಿ ಇಳಿಸಿತ್ತು. ಕಂಪನಿಗಳ ರೇಟು ಏಪ್ರಿಲ್ 6ಕ್ಕೇ ನಿಂತಿತ್ತು, ಅದು ನಿಂತಿದ್ದು ನಿಂತಂಗೇ 2024ರ ಮಾರ್ಚ್‌ವರೆಗೆ ಇತ್ತು. ಜುಲೈನಲ್ಲಿ ರಾಜ್ಯದ ವ್ಯಾಟ್ ಇಳಿದ ಮೇಲೆ ಮುಂಬಯಿಯಲ್ಲಿ ಪೆಟ್ರೋಲ್ 106.31, ಒಂದೂವರೆ ವರ್ಷಕ್ಕೂ ಮೇಲೆ ಅದೇ ನಂಬರ್, ರಿಕ್ಷಾದವರಿಂದ ಹಿಡಿದು ಎಲ್ಲರಿಗೂ ಬಾಯಿಪಾಠ ಆಗಿತ್ತು.

ಬಿಡ್ಡರ್‌ಗಳು ಸುಮ್ನೆ ಹೆದರಿದ್ರಾ ಅನ್ನೋದಕ್ಕೆ ಮುಂದಿನ ಎರಡು ತಿಂಗಳು ಸಾಕು. ಜೂನ್‌ನಲ್ಲಿ ಪ್ರೈವೇಟ್ ಪಂಪುಗಳು ಸೇರಿ ಎಲ್ಲರೂ ನಿಗದಿ ಮಾಡಿದ ಟೈಮಿನಲ್ಲಿ ಸಪ್ಲೈ ಕೊಡ್ಲೇಬೇಕು ಅಂತ ಆದೇಶ. ಜುಲೈ 1ಕ್ಕೆ ಪೆಟ್ರೋಲ್ ಎಕ್ಸ್‌ಪೋರ್ಟ್ ಮೇಲೆ ಲೀಟರಿಗೆ 6 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ತೆರಿಗೆ. ಒಳಗೆ ಮಾರಿದ್ರೆ ರೇಟು ಫ್ರೀಜ್, ಹೊರಗೆ ಮಾರಿದ್ರೆ ಟ್ಯಾಕ್ಸ್. ಏಪ್ರಿಲ್–ಜೂನ್ ಮೂರು ತಿಂಗಳಲ್ಲಿ ಬಿಪಿಸಿಎಲ್‌ಗೆ 6,291 ಕೋಟಿ ನಷ್ಟ, ಮೂರೂ ಕಂಪನಿ ಸೇರಿ 18,480 ಕೋಟಿ. ಅಕ್ಟೋಬರಿನಲ್ಲಿ ಗ್ಯಾಸ್ ಸಿಲಿಂಡರ್ ನಷ್ಟಕ್ಕೆ ಅಂತ ಸರ್ಕಾರ 22 ಸಾವಿರ ಕೋಟಿ ಕೊಡ್ತು, ಸರ್ಕಾರಿ ಮೂರಕ್ಕೇ.

ಇಷ್ಟೆಲ್ಲ ಬರೆದೆ ಅಂತ ಸರ್ಕಾರ ಮಾಡಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಆ ವರ್ಷ ಡೀಸೆಲ್ 122 ಆಗಿದ್ರೆ ವಾಶಿ ಮಾರ್ಕೆಟಿನಲ್ಲಿ ಟೊಮೆಟೊ ಈರುಳ್ಳಿ ರೇಟು ಏನಾಗ್ತಿತ್ತು ಅಂತ ಯೋಚನೆ ಮಾಡಿ. ಯೂರೋಪಿನೋರು ಆ ಚಳಿಗಾಲ ಬಿಲ್ ಕಟ್ಟೋಕೆ ಒದ್ದಾಡಿದಾಗ ನಮ್ಮಲ್ಲಿ ಆ ಏಟನ್ನ ಈ ಕಂಪನಿಗಳ ಬ್ಯಾಲೆನ್ಸ್ ಶೀಟ್ ತಡ್ಕೊಂಡ್ತು. ಆಮೇಲೆ ಕಚ್ಚಾ ತೈಲ ಇಳಿದಾಗ ಪಂಪಿನ ರೇಟು ಇಳಿಸದೇ ಅದನ್ನೆಲ್ಲ ವಾಪಸ್ ತಗೊಂಡ್ವು, 2023–24ರಲ್ಲಿ ಬಿಪಿಸಿಎಲ್ ಲಾಭ 26,673 ಕೋಟಿ, ಅಲ್ಲಿವರೆಗಿನ ದಾಖಲೆ. ಕಂಪನಿಗೆ ನಷ್ಟ ಆದ ವರ್ಷ ಉಳಿತಾಯ ನಮ್ದು, ಲಾಭ ಆದ ವರ್ಷ ದುಡ್ಡು ಕಂಪನೀದು ಅಂತ ಇದಕ್ಕೊಂದು ಲಯ ಇದೆ, ಸರ್ಕಾರಕ್ಕೆ ಅದು ಹೊಂದುತ್ತೆ. ಹೊರಗಿನ ಓನರ್‌ಗೆ ಮೊದಲ ಭಾಗದಲ್ಲೇ ಬ್ಯಾಂಕಿನೋರು ಬಾಗಿಲು ಬಡೀತಾರೆ, ಎರಡನೇ ಭಾಗ ನೋಡೋಕೆ ಅವನು ಇರಲ್ಲ, ಇದ್ರೂ ‘ವಿದೇಶಿ ಕಂಪನಿ ಲೂಟಿ ಹೊಡೀತಿದೆ’ ಅಂತ ಆಜಾದ್ ಮೈದಾನದಲ್ಲಿ ಮೋರ್ಚಾ ಆಗುತ್ತೆ. ದಾಭೋಳ್ ಕರೆಂಟ್ ಪ್ರಾಜೆಕ್ಟಿಗೆ ಬಂದ ಅಮೆರಿಕದ ಎನ್ರಾನ್ ಕಂಪನಿ ಕಾಲದ ಗಲಾಟೆ ನೋಡಿದ ಮುಂಬಯಿಯೋರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ.

ಯೂನಿಯನ್ ವಾದಕ್ಕೆ ಬಂದ್ರೆ, ಮಾಹುಲ್, ಕೊಚ್ಚಿ ಎರಡೂ ಕಡೆ ಸ್ಟ್ರೈಕ್ ಆಗಿದ್ದು ನಿಜ. ಆದ್ರೆ ಅದೇ 2020ರಲ್ಲಿ ಕಂಪನಿ ವಿಆರ್‌ಎಸ್ (ಸ್ವಯಂ ನಿವೃತ್ತಿ ಯೋಜನೆ) ತಂದು ಎಷ್ಟೋ ಜನ ತಗೊಂಡೂ ಹೋದ್ರು. ಬಿಡ್ಡರ್‌ಗಳು ಓಡಿದ್ದು ಅವರ ಘೋಷಣೆಗೆ ಅನ್ನೋದು ನನಗೆ ಒಪ್ಪಿಗೆ ಆಗಲ್ಲ, ಚೆಂಬೂರಿನ ಹಿರಿಯರು ಬೇಜಾರು ಮಾಡ್ಕೊಂಡ್ರೂ ಸರಿ.

2024ರಲ್ಲಿ ಸಚಿವ ಹರ್‌ದೀಪ್ ಪುರಿ, ಇಷ್ಟು ಚೆನ್ನಾಗಿ ಲಾಭ ಮಾಡೋ ಕಂಪನಿ ಮಾರೋ ಮಾತೇ ಇಲ್ಲ ಅಂದ್ಬಿಟ್ರು. ವರ್ಷದ ಕೊನೆಗೆ ಬಿಪಿಸಿಎಲ್ ಬೋರ್ಡು ಆಂಧ್ರದ ಕರಾವಳಿಯಲ್ಲಿ ಹೊಸ ರಿಫೈನರಿಯ ಆರಂಭದ ಕೆಲಸಕ್ಕೆ 6,100 ಕೋಟಿ ಮಂಜೂರು ಮಾಡ್ತು. 2025ರ ಏಪ್ರಿಲ್‌ನಲ್ಲಿ ಪ್ರಧಾನಿ ಸೌದಿಯ ಜೆಡ್ಡಾಗೆ ಹೋದಾಗ ಇಂಡಿಯಾದಲ್ಲಿ ಎರಡು ರಿಫೈನರಿ ಕಟ್ಟೋಕೆ ಸಹಕರಿಸ್ತೀವಿ ಅಂತ ಎರಡೂ ದೇಶದೋರು ಹೇಳಿದ್ರು. ಬರೋದಾದ್ರೆ ಸೌದಿಯೋರು ಪಂಪಿಗೆ ಬರಲ್ಲ, ರಿಫೈನರಿಯಲ್ಲಿ ಒಂದು ಪಾಲು, ಜೊತೆಗೆ ತಮ್ಮ ಕಚ್ಚಾ ತೈಲವನ್ನ ಇಷ್ಟು ವರ್ಷ ತಗೊಳ್ಳೇಬೇಕು ಅನ್ನೋ ಅಗ್ರಿಮೆಂಟ್ ಕೇಳ್ತಾರೆ ಅಂತ ನನ್ನ ಲೆಕ್ಕ. ಅವರಿಗೆ ದುಡ್ಡು ಹುಟ್ಟೋದು ಕಚ್ಚಾ ತೈಲ ಹಡಗಿಗೆ ತುಂಬೋ ಕಡೆ, ಲೀಟರ್ ರೇಟು ಬರೆಯೋ ಬೋರ್ಡಿನ ಹತ್ರ ಅಲ್ಲ.